ಟ್ರಾಫಿಕ್ ಹೊಗೆಯಿಂದಲೇ ಥೈರಾಯ್ಡ್ ಬಂತಾ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಮನೆ ಮಾಡಿ ಎರಡು ವರ್ಷ ಆಯ್ತು, ಈಗ ಟಿಎಸ್‌ಎಚ್ 7.2 ಬಂದಿದೆ (ಥೈರಾಯ್ಡ್ ಕುಗ್ಗಿದಾಗ ರಕ್ತದಲ್ಲಿ ಏರುವ ಹಾರ್ಮೋನ್ ಇದು), ಮಗು ಬೇಕು ಅಂತಿದ್ದೀವಿ, ಇದಕ್ಕೆ ಹೊಗೆ ಕಾರಣವಾ ಅಂತ ಕೇಳಿದ್ದೀರಿ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಒಬ್ಬರ ರಿಪೋರ್ಟ್ ನೋಡಿ ಹೊಗೆಯಿಂದಲೇ ಬಂತು ಅಂತ ಯಾರೂ ಹೇಳಲಾರರು.

2019ರಲ್ಲಿ ಯುರೋಪ್ ಮತ್ತು ಅಮೆರಿಕದ ಸುಮಾರು 10,000 ಗರ್ಭಿಣಿಯರ ಮೇಲೆ ನಡೆದ ಒಂದು ಅಧ್ಯಯನ ಬಂತು. ಗಾಳಿಯಲ್ಲಿ ಪಿಎಂ 2.5, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು, ಜಾಸ್ತಿ ಇದ್ದಾಗ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಆದ ಥೈರಾಕ್ಸಿನ್ ಕಡಿಮೆ ಇರುವ ಸಾಧ್ಯತೆಯೂ ಜಾಸ್ತಿ ಕಂಡಿತು. ನಂಟು ಕಂಡಿದೆ, ಅದೇ ಕಾರಣ ಅಂತ ಸಾಬೀತಾಗಿಲ್ಲ. ಹೆಂಗಸರಲ್ಲಿ ಥೈರಾಯ್ಡ್ ಕುಗ್ಗಲು ಸಾಮಾನ್ಯ ಕಾರಣ ಹಾಶಿಮೋಟೋ. ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಅದನ್ನು ಪತ್ತೆ ಮಾಡುವ ಟಿಪಿಒ ಆಂಟಿಬಾಡಿ ರಕ್ತಪರೀಕ್ಷೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಮನೆ ಬದಲಿಸುವ ಯೋಚನೆ ಆಮೇಲೆ. ಮೊದಲು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರ ಹತ್ತಿರ ಹೋಗಿ, ಮಗುವಿನ ಯೋಚನೆ ಇದೆ ಅಂತ ಬಾಯಿಬಿಟ್ಟು ಹೇಳಿ. ಗರ್ಭದ ಮೊದಲ ಮೂರು ತಿಂಗಳು ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಹೋಗಬೇಕು. ಅದಕ್ಕೇ ಈಗ ತಡ ಮಾಡಬೇಡಿ ಅಂತಿದ್ದೀನಿ.

ಥೈರಾಯ್ಡ್ ಮಾತ್ರೆ ಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಳ್ಳಿ. ನನ್ನ ಅಕ್ಕ ಮಾತ್ರೆ ನುಂಗಿದ ಕೈಯಲ್ಲೇ ಕಾಫಿ ಲೋಟ ಹಿಡಿಯುತ್ತಿದ್ದಳು, ಟಿಎಸ್‌ಎಚ್ ಇಳಿಯಲೇ ಇಲ್ಲ. ಅರ್ಧದಿಂದ ಒಂದು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು.

ಹೊಗೆಗೆ ಸದ್ಯಕ್ಕೆ, ಸಂಜೆ ಟ್ರಾಫಿಕ್ ಹೊತ್ತಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ. ಸ್ಕೂಟರ್‌ನಲ್ಲಿ ಹೋಗುವಾಗ ಬಟ್ಟೆ ಮಾಸ್ಕ್ ಸಾಲದು, ಎನ್95 ಹಾಕಿ. ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಿದ್ದರೆ ಇವತ್ತಿಂದಲೇ ಸೇದೋಕೆ ಹೊರಗೆ ಕಳಿಸಿ. ಆಂಟಿಬಾಡಿ ರಿಪೋರ್ಟ್ ಬಂದ ಮೇಲೆ ಬರೆಯಿರಿ, ಕಾಯ್ತಿರ್ತೀನಿ.