ಒಂಬತ್ತನೇ ಕ್ಲಾಸಿಗೆ ಅಭಿಪ್ರಾಯ ಇರಬಾರದೇ?

ಹಾವೇರಿ ಜಿಲ್ಲೆಯ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಗೋಡೆ ಪತ್ರಿಕೆ ಮಾಡುತ್ತಾರೆ. ಈ ಸಲ ಸಂಪಾದಕೀಯವನ್ನೂ ಅವರೇ ಬರೆಯಲಿ ಎಂದೆ. ಮುಖ್ಯೋಪಾಧ್ಯಾಯರು ಒಪ್ಪುತ್ತಿಲ್ಲ. ‘ಪ್ರಬಂಧ ಬರೆಸಿ, ಸಾಕು. ಈ ವಯಸ್ಸಿಗೆ ವಾದ ಯಾಕೆ? ಮನೆಯಲ್ಲಿ ಅಪ್ಪ ಹೇಳಿದ್ದನ್ನೇ ಬರೀತಾರೆ’ ಅನ್ನುತ್ತಾರೆ. ಓದುವವರನ್ನು ಒಪ್ಪಿಸುವ ಹಾಗೆ ಬರೆಯುವುದನ್ನು ಮಕ್ಕಳಿಗೆ ಕಲಿಸಬಹುದೇ? ಹೇಗೆ?” ಪತ್ರದ ಜೊತೆ ಒಬ್ಬ ವಿದ್ಯಾರ್ಥಿನಿ ಬರೆದ ಹಾಳೆಯನ್ನೂ ಇಟ್ಟಿದ್ದಾರೆ.

ಸಂಪಾದಕರ ಉತ್ತರ:

ಕಲಿಸಿ ಮೇಷ್ಟ್ರೇ. ಕಲಿಸಲೇಬೇಕು.

ನಿಮ್ಮ ಮುಖ್ಯೋಪಾಧ್ಯಾಯರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಮಕ್ಕಳು ಮನೆಯ ಮಾತನ್ನು ಶಾಲೆಗೆ ತರುತ್ತಾರೆ, ನಿಜ. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡಕ್ಕೂ ಕಪ್ ಗೆಲ್ಲುವ ಮಕ್ಕಳನ್ನು ಚರ್ಚಾ ಸ್ಪರ್ಧೆಗಳಲ್ಲಿ ಕಂಡಿದ್ದೇನೆ. ಆದರೆ ಅಪ್ಪನ ಮಾತನ್ನು ಬಾಯಲ್ಲಿ ಹೇಳೋದು ಸುಲಭ. ಅದನ್ನೇ ಹಾಳೆಯ ಮೇಲೆ ಬರೆದು, ಕೆಳಗೆ ‘ಯಾಕೆ?’ ಅಂತ ಹಾಕಿ ಉತ್ತರ ಬರೆಯಲು ಕೂತಾಗಲೇ ಅದು ತನ್ನ ಮಾತೋ ಅಲ್ಲವೋ ಅನ್ನೋದು ಗೊತ್ತಾಗೋದು. ಅಪ್ಪನ ಅಭಿಪ್ರಾಯದಿಂದ ಹೊರಗೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಇನ್ನು ಪ್ರಬಂಧ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗೈಡಿನಲ್ಲಿ ಇದ್ದದ್ದು ಹಾಗೇ ಉತ್ತರ ಪತ್ರಿಕೆಗೆ ಬರುತ್ತದೆ. ಒಮ್ಮೆ ಪ್ಲಾಸ್ಟಿಕ್ ಬಗ್ಗೆ ಪ್ರಬಂಧ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರು, ‘ನಾವೆಲ್ಲರೂ ಜಾಗೃತರಾಗೋಣ’ ಅಂತ ಮುಗಿತಾಯ. ಹಾಳೆ ತಿರುಗಿಸಿದಷ್ಟೂ ಇದೇ. ಆ ಮಕ್ಕಳು ದಿನಾ ದಾಟಿಕೊಂಡು ಬರುವ, ಕವರು ತುಂಬಿ ಕಟ್ಟಿಕೊಂಡ ಚರಂಡಿ ಶಾಲೆಯ ಗೇಟಿನ ಮುಂದೆಯೇ ಇತ್ತು. ಒಬ್ಬರ ಹಾಳೆಯಲ್ಲೂ ಅದು ಇರಲಿಲ್ಲ. ಮಕ್ಕಳ ತಪ್ಪಲ್ಲ ಅದು. ಕಣ್ಣಿಗೆ ಕಂಡದ್ದನ್ನು ಬರೆದರೆ ಅಂಕ ಬರುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ನಿಮ್ಮ ವಿದ್ಯಾರ್ಥಿನಿಯ ಹಾಳೆಗೆ ಬರುತ್ತೇನೆ. “ಶಾಲೆ ಬಿಡುವುದು 4:20ಕ್ಕೆ. ನಮ್ಮೂರಿನ ಬಸ್ಸು 4:10ಕ್ಕೆ ಹೋಗುತ್ತದೆ. ಮುಂದಿನ ಬಸ್ಸು 6 ಗಂಟೆಗೆ. ದೀಪಾವಳಿ ಕಳೆದ ಮೇಲೆ ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ನನ್ನ ಗೆಳತಿಯನ್ನು ಶಾಲೆ ಬಿಡಿಸುವ ಮಾತು ಅವರ ಮನೆಯಲ್ಲಿ ನಡೆದಿದೆ.” ಎಷ್ಟು ಚೆನ್ನಾಗಿದೆ ನೋಡಿ! ಒಂದು ಮಾತೂ ಜಾಸ್ತಿ ಇಲ್ಲ. ಆಮೇಲೆ ಬರುತ್ತದೆ ಗೈಡಿನ ಸಾಲು: “ಆದ್ದರಿಂದ ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು.”

ಯಾರು ಈ ಸಂಬಂಧಪಟ್ಟವರು? ಅವಳನ್ನು ಕೂರಿಸಿಕೊಂಡು ಅದನ್ನೇ ಕೇಳಿ. ಇದನ್ನು ಓದಿ ‘ಹೂಂ’ ಅನ್ನಬೇಕಾದವರು ಯಾರು? ಬಸ್ಸಿನ ಸಮಯ ಬದಲಾಗಬೇಕಾದರೆ ಡಿಪೋ ಮ್ಯಾನೇಜರು ಒಪ್ಪಬೇಕು. ಹಾಗಾದರೆ ಅವರನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆಯಲಿ. ಅದಕ್ಕೂ ಮೊದಲು ಕಂಡಕ್ಟರ್ ಹತ್ತಿರ ಹೋಗಿ, ‘4:10ಕ್ಕೇ ಯಾಕೆ ಬಿಡ್ತೀರಿ ಅಣ್ಣಾ?’ ಅಂತ ಕೇಳಿಕೊಂಡು ಬರಲಿ. ಮುಂದಿನ ಊರಲ್ಲಿ ಇನ್ನೊಂದು ಬಸ್ಸಿಗೆ ಜನರನ್ನು ಮುಟ್ಟಿಸಬೇಕಿರಬಹುದು. ಆ ಕಾರಣವನ್ನು ಮುಚ್ಚಿಡದೆ ಬರೆದು, ಅದಕ್ಕೆ ಉತ್ತರ ಹುಡುಕಲಿ. ಹತ್ತು ಹದಿನೈದು ನಿಮಿಷ ಬಸ್ಸು ನಿಲ್ಲಬೇಕೋ, ಶಾಲೆಯ ಗಂಟೆಯೇ ಸ್ವಲ್ಪ ಬೇಗ ಹೊಡೆಯಬೇಕೋ? ಗಂಟೆಯೇ ಆದರೆ ಅವಳ ಸಂಪಾದಕೀಯ ಬಂದು ನಿಲ್ಲೋದು ನಿಮ್ಮ ಮುಖ್ಯೋಪಾಧ್ಯಾಯರ ಮೇಜಿನ ಮುಂದೆ. ಎದುರಿನವರ ಕಷ್ಟ ಇಷ್ಟು ತಿಳಿದುಕೊಂಡು ಬರೆದ ಹುಡುಗಿಗೆ ಯಾರೂ ಸುಮ್ನೆ ‘ಆಗಲ್ಲ’ ಅನ್ನೋಕಾಗಲ್ಲ.

ಮಕ್ಕಳಿಗೆ ಇದು ಬರುವುದಿಲ್ಲ ಅನ್ನುವವರು ಗಂಗಾವತಿಯ ಹುಡುಗಿಯನ್ನು ನೆನಪಿಸಿಕೊಳ್ಳಲಿ. 2021ರ ಕೊನೆಯಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಅವಳು ಹೇಳಿದ ವಿಡಿಯೋ ನಾಡೆಲ್ಲ ಓಡಾಡಿತು. ಮೊಟ್ಟೆಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ತಾನು ಯಾರ ಜೊತೆ ಮಾತಾಡುತ್ತಿದ್ದೇನೆ ಅನ್ನೋದು ಆ ಮಗುವಿಗೆ ಸ್ಪಷ್ಟವಾಗಿತ್ತು.

ಇನ್ನೊಂದು ಮಾತು. ಪಾಠ ಹೇಳುವುದು, ಸಂಪಾದಕೀಯ ಬರೆಯುವುದು ನಮ್ಮ ದೇಶದಲ್ಲಿ ಬೇರೆ ಬೇರೆ ಆಗಿರಲೇ ಇಲ್ಲ. 1880ರಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಶುರು ಮಾಡಿದ ಮೇಷ್ಟ್ರುಗಳೇ ಮರುವರ್ಷ ‘ಕೇಸರಿ’ ಪತ್ರಿಕೆ ತಂದರು. ಅವರಲ್ಲಿ ತಿಲಕರೂ ಅಗರ್ಕರರೂ ಒಟ್ಟಿಗೆ ಜೈಲಿಗೆ ಹೋದವರು. ಆಮೇಲೆ ಸಮಾಜ ಸುಧಾರಣೆಯ ವಿಷಯದಲ್ಲಿ ಇಬ್ಬರಿಗೂ ಬೀಳಲಿಲ್ಲ. ಅಗರ್ಕರರು ‘ಸುಧಾರಕ’ ಅಂತ ಬೇರೆ ಪತ್ರಿಕೆಯನ್ನೇ ತೆಗೆದರು. ನಮ್ಮ ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಪತ್ರಿಕೆಗಳನ್ನು ನಡೆಸಿ ಸಂಸ್ಥಾನದ ಆಡಳಿತವನ್ನು ಪ್ರಶ್ನೆ ಮಾಡಿದವರೂ ಅವರೇ. ಪತ್ರಿಕೆಗಳ ಬಾಯಿ ಕಟ್ಟಲು 1908ರಲ್ಲಿ ಮೈಸೂರಿನಲ್ಲಿ ಕಾಯ್ದೆಯೇ ಬಂತು ಅಂದರೆ ಆ ಬರವಣಿಗೆ ಎಷ್ಟು ನಾಟಿರಬೇಕು ಯೋಚಿಸಿ. ಇದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೆ ದಯವಿಟ್ಟು ಓದಿ ಹೇಳಿ.

ಇವತ್ತು ನೋಡಿ. ಟಿವಿಯಲ್ಲಿ ಎಂಟು ಜನ ಒಟ್ಟಿಗೆ ಕಿರುಚುತ್ತಾರೆ, ಅದನ್ನು ಚರ್ಚೆ ಅಂತೀವಿ. ವಾಟ್ಸಾಪಿನಲ್ಲಿ ಯಾರೋ ಬರೆದದ್ದನ್ನು ಫಾರ್ವರ್ಡ್ ಮಾಡುತ್ತೇವೆ, ಅದನ್ನು ಅಭಿಪ್ರಾಯ ಅಂತೀವಿ. ಎದುರಿನವನ ಮಾತನ್ನು ಅವನೇ ತಲೆದೂಗುವಷ್ಟು ಸರಿಯಾಗಿ ಹೇಳಿ, ಆಮೇಲೆ ಅದು ಯಾಕೆ ತಪ್ಪು ಅಂತ ತೋರಿಸುವ ತಾಳ್ಮೆ ದೊಡ್ಡವರಲ್ಲೇ ಇಲ್ಲ. ಹದಿನಾಲ್ಕು ವರ್ಷದವರೆಗೆ ಬಾಯಿ ಮುಚ್ಚಿಸಿ, ಹದಿನೆಂಟಕ್ಕೆ ಓಟು ಕೊಟ್ಟರೆ ನಡುವಿನ ನಾಲ್ಕು ವರ್ಷದಲ್ಲಿ ಅದನ್ನು ಯಾರು ಕಲಿಸುತ್ತಾರೆ, ಹೇಳಿ?

ನಿಮ್ಮ ಮೇಲೂ ಒಂದು ದೂರಿದೆ ಮೇಷ್ಟ್ರೇ. ಅವಳ ಹಾಳೆಯಲ್ಲಿ ಕಾಗುಣಿತದ ತಪ್ಪಿಗೆಲ್ಲ ಕೆಂಪು ಶಾಯಿಯ ಗೆರೆ ಎಳೆದಿದ್ದೀರಿ. ‘ಸಂಬಂಧಪಟ್ಟವರು’ ಅನ್ನೋದನ್ನು ಮಾತ್ರ ಹಾಗೇ ಬಿಟ್ಟಿದ್ದೀರಿ. ಮೊದಲ ಗೆರೆ ಅಲ್ಲಿ ಬೀಳಬೇಕಿತ್ತು.

ಅವಳು ತಿದ್ದಿ ಬರೆದ ಮೇಲೆ ಒಂದು ಪ್ರತಿ ಡಿಪೋಗೆ, ಒಂದು ಪ್ರತಿ ನಮಗೆ ಕಳಿಸಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಡಿಪೋದವರು ಉತ್ತರ ಬರೆದರೆ, ಅದು ‘ಆಗಲ್ಲ’ ಅಂತಲೇ ಇರಲಿ, ಅದನ್ನೂ ಅವಳ ಬರಹದ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.