ಹೇಳುವ ಮೊದಲು ನೀವೇ ಒಂದು ಪ್ರಶ್ನೆ ಕೇಳಿ

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಊರು ಹೊಸನಗರ ತಾಲ್ಲೂಕು. ಶಿವಮೊಗ್ಗದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಪಿಜಿಯಲ್ಲಿ ಇದ್ದೇನೆ. ನನಗೆ ಇಷ್ಟವಾಗುವುದು ಹುಡುಗಿಯರು. ಇದು ಹೈಸ್ಕೂಲಿನಿಂದಲೇ ಗೊತ್ತು, ಮನೆಯಲ್ಲಿ ಹೇಳಿಲ್ಲ. ಈ ಸಲ ಅಡಿಕೆ ಸುಲಿಯುವಾಗ ಊರಿಗೆ ಹೋಗಿದ್ದೆ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರಿಗೆಲ್ಲ ನನ್ನ ಜಾತಕದ್ದೇ ಮಾತು. ಅವತ್ತಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಧೈರ್ಯ ಮಾಡಿ ಒಬ್ಬರು ಕೌನ್ಸೆಲರ್ ಹತ್ತಿರ ಹೋದೆ. ಹತ್ತು ನಿಮಿಷ ಕೇಳಿ, ‘ಚಿಕ್ಕವಳಿದ್ದಾಗ ಯಾರಾದ್ರೂ ತೊಂದ್ರೆ ಕೊಟ್ಟಿದ್ರಾ? ಮುಂದಿನ ಸಲ ಅಮ್ಮನ್ನ ಕರ್ಕೊಂಡು ಬಾ’ ಅಂದರು. ಮತ್ತೆ ಹೋಗಲಿಲ್ಲ. ನನಗೆ ಬದಲಾಗಬೇಕು ಅಂತ ಇಲ್ಲ ಮೇಡಂ. ನಿದ್ದೆ ಬೇಕು, ಅಷ್ಟೇ. ನನ್ನಂಥವರ ಮಾತು ಕೇಳುವ ಡಾಕ್ಟರು ನಮ್ಮ ಕಡೆ ಸಿಗುತ್ತಾರಾ? ಸಿಕ್ಕರೂ ಊರಿಗೆ ಸುದ್ದಿ ಹೋಗದ ಹಾಗೆ ಹೇಗೆ ಹೋಗಲಿ?
– ಹೆಸರು ಬೇಡ

ಉತ್ತರ: ‘ಬದಲಾಗಬೇಕು ಅಂತ ಇಲ್ಲ, ನಿದ್ದೆ ಬೇಕು.’ ತಂಗೀ, ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ಡಾಕ್ಟರ ಎದುರು ಕೂತರೂ ಮೊದಲು ಇದನ್ನೇ ಓದಿ ಹೇಳಿ. ನಿಮ್ಮ ಕಾಯಿಲೆ ಏನು, ಕಾಯಿಲೆ ಅಲ್ಲದ್ದು ಏನು ಅನ್ನುವುದು ನಿಮಗೆ ಚೆನ್ನಾಗಿ ಗೊತ್ತಿದೆ. ಆ ಕೌನ್ಸೆಲರ್‌ಗೆ ಗೊತ್ತಿರಲಿಲ್ಲ. ಅಲ್ಲಿಗೆ ಮತ್ತೆ ಹೋಗದೆ ಇದ್ದದ್ದು ಒಳ್ಳೆಯದೇ ಆಯಿತು.

ನಾನೂ ಒಂದು ಕಾಲಕ್ಕೆ ಅಂಥ ಕೌನ್ಸೆಲರ್ ಆಗಿದ್ದೆ. 1996ರ ಮಳೆಗಾಲ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಬಂದ. ಕೊಡೆಯನ್ನು ಹೊರಗೆ ಇಡದೆ ಮಡಿಲಲ್ಲೇ ಹಿಡಿದುಕೊಂಡು ಕೂತ. ಬಾಯಿ ಬಿಡಲು ಅರ್ಧ ಗಂಟೆ ಬೇಕಾಯಿತು. ನಾನು ಕಾಫಿ ತರಿಸಿಕೊಟ್ಟೆ, ಮೆತ್ತಗೆ ಮಾತಾಡಿದೆ. ‘ಈ ವಯಸ್ಸಲ್ಲಿ ಹಾಗೆಲ್ಲ ಅನ್ನಿಸುತ್ತೆ ಕಣೋ. ಒಂದು ಕೆಲಸ ಸಿಕ್ಕಿ ಮದುವೆ ಆದ್ರೆ ಎಲ್ಲ ಸರಿ ಹೋಗುತ್ತೆ’ ಅಂದೆ. ಅವನು ‘ಸರಿ ಮೇಡಂ, ಥ್ಯಾಂಕ್ಸ್’ ಅಂತ ಹೇಳಿ ಎದ್ದ. ಕಾಫಿ ಮುಟ್ಟಿರಲಿಲ್ಲ, ಕೆನೆ ಕಟ್ಟಿತ್ತು. ಕುರ್ಚಿ ಕೆಳಗೆ ಕೊಡೆಯ ನೀರು ಒಂದು ಬೊಗಸೆಯಷ್ಟು ನಿಂತಿತ್ತು. ಅವನು ಮತ್ತೆ ಬರಲಿಲ್ಲ. ಎಲ್ಲಿದ್ದಾನೋ, ಹೇಗಿದ್ದಾನೋ.

ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ನಾನು ಆ ಹುಡುಗನಿಗೆ ಬುದ್ಧಿ ಹೇಳಿದ್ದು ಅದಾಗಿ ಆರು ವರ್ಷಕ್ಕೆ. ಓದಿಕೊಂಡಿರಬೇಕಿತ್ತು, ಓದಿರಲಿಲ್ಲ. ಮೆತ್ತಗೆ ಮಾತಾಡುವವರೆಲ್ಲ ನಿಮ್ಮ ಪರ ಇರುತ್ತಾರೆ ಅಂತ ಇಲ್ಲ. ಕಾಫಿ ಕೊಟ್ಟು, ನಗುನಗುತ್ತಲೇ ತಪ್ಪು ದಾರಿ ತೋರಿಸಬಹುದು. ಹಾಗಾಗಿ ನಗು ನೋಡಿ ನಂಬಬೇಡಿ. ನಿಮ್ಮ ಕಥೆ ಹೇಳುವ ಮೊದಲು ನೀವೇ ಕೇಳಿ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಫೋನಿನಲ್ಲಿ ಕೇಳಬಹುದು. ಹೆಸರು, ಊರು ಹೇಳಬೇಕಾಗಿಲ್ಲ. ‘ನಾನು ಹುಡುಗಿಯರನ್ನು ಇಷ್ಟಪಡುವ ಹುಡುಗಿ. ನೀವು ಇದನ್ನು ಕಾಯಿಲೆ ಅಂತ ನೋಡ್ತೀರಾ?’ ಇಷ್ಟು ಸಾಕು. ‘ಇಲ್ಲಮ್ಮ. ನಿಮಗೆ ಏನು ತೊಂದರೆ ಆಗ್ತಿದೆ ಅದನ್ನ ಹೇಳಿ’ ಅಂದರೆ ಹೋಗಿ. ‘ನನಗೆ ಇಂಥವರ ಜೊತೆ ಅನುಭವ ಕಡಿಮೆ, ಆದರೆ ಇದು ಕಾಯಿಲೆ ಅಲ್ಲ ಅಂತ ಗೊತ್ತು’ ಅಂದರೂ ಹೋಗಬಹುದು, ಅವರು ಕಲಿಯುವವರು. ‘ಎಷ್ಟು ವರ್ಷದಿಂದ ಇದೆ?’, ‘ಮೊದಲು ಬನ್ನಿ, ನೋಡೋಣ’, ‘ನನಗೇನೂ ಅಭ್ಯಂತರ ಇಲ್ಲ, ಆದ್ರೆ ಸಮಾಜ...’ ಅಂತ ಶುರು ಮಾಡಿದರೆ ಫೋನ್ ಇಟ್ಟುಬಿಡಿ. ಮುಖ ನೋಡಿರುವುದಿಲ್ಲ, ಹೆಸರು ಗೊತ್ತಿರುವುದಿಲ್ಲ. ಯಾವ ಮುಲಾಜೂ ಬೇಡ.

ಇನ್ನೊಂದು ಪ್ರಶ್ನೆ ನಮ್ಮ ಮಲೆನಾಡಿನವರು ಕೇಳಲೇಬೇಕು. ‘ನನ್ನ ವಿಷಯ ನಿಮ್ಮಲ್ಲಿ ಯಾರ್ಯಾರಿಗೆ ಗೊತ್ತಾಗುತ್ತೆ? ಫೈಲಿನಲ್ಲಿ ಏನು ಬರೀತೀರಿ? ಮನೆಗೆ ಫೋನ್ ಮಾಡ್ತೀರಾ?’ ಇಲ್ಲಿ ಎರಡು ಮಾತಾಡಿದರೆ ನೆಂಟಸ್ತಿಕೆ ಹೊರಡುತ್ತದೆ. ಡಾಕ್ಟರು ಗುಟ್ಟು ಕಾಪಾಡಿದರೂ ಚೀಟಿ ಬರೆಯುವ ಹುಡುಗಿ ನಿಮ್ಮ ಚಿಕ್ಕಮ್ಮನ ಊರಿನವಳಾಗಿರುತ್ತಾಳೆ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ ಅಂತಲೂ ಅದರಲ್ಲಿದೆ. ಜೀವಕ್ಕೆ ಅಪಾಯ ಇದ್ದಾಗ ಬೇರೆ ಮಾತು. ಅದು ಬಿಟ್ಟರೆ, 26 ವರ್ಷದವರಿಗೆ ‘ಅಮ್ಮನ್ನ ಕರ್ಕೊಂಡು ಬಾ’ ಅನ್ನುವುದು ಸರಿಯಲ್ಲ.

ಯಾರಾದರೂ ‘ಮಾತ್ರೆ ಕೊಟ್ಟು ಬದಲಾಯಿಸುತ್ತೇನೆ’ ಅಂದರೆ? ಅಂಥ ‘ಚಿಕಿತ್ಸೆ’ಗೆ ಕನ್ವರ್ಷನ್ ಥೆರಪಿ ಅನ್ನುತ್ತಾರೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅದು ನಿಲ್ಲಬೇಕು ಎಂದರು. ಮನೆ ಬಿಟ್ಟು ಬಂದಿದ್ದ ಇಬ್ಬರು ಹುಡುಗಿಯರ ಪ್ರಕರಣ ಅದು. ತೀರ್ಪು ಬರೆಯುವ ಮೊದಲು, ತಮಗೆ ಈ ವಿಷಯ ಸರಿಯಾಗಿ ತಿಳಿದಿಲ್ಲ ಅಂತ ಅವರೇ ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ತಿಳಿದುಕೊಂಡರು. ನನಗೆ ಬಹಳ ಹಿಡಿಸಿದ್ದು ಇದು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೀಗೆ ‘ಬದಲಾಯಿಸುವುದು’ ವೃತ್ತಿಗೆ ತಕ್ಕದ್ದಲ್ಲದ ನಡತೆ ಎಂದು ಹೇಳಿತು. ಆದರೆ ಆಯೋಗದ ಮಾತು ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ. ಬೋರ್ಡು ಹಾಕಿಕೊಂಡ ಕೌನ್ಸೆಲರ್‌ಗಳಿಗೆ ಅಲ್ಲ. ಅದಕ್ಕೇ ಏನು ಓದಿದ್ದೀರಿ ಅಂತ ಕೇಳಲು ನಾಚಬೇಡಿ. ಮನೋವೈದ್ಯರು ಅಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುತ್ತದೆ. ಕೌನ್ಸೆಲರ್ ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳ್ಳೆಯವರೂ ಇದ್ದಾರೆ, ಮೂರು ದಿನದ ಕೋರ್ಸು ಮಾಡಿದವರೂ ಇದ್ದಾರೆ.

ಈಗ ನಿದ್ದೆಯ ಮಾತು, ಇದು ಕಾಯಬಾರದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಕ್ಲಿನಿಕ್ ನಡೆಯುತ್ತದೆ. ಆದರೆ ನೀವು ನಿಮ್ಮ ತಾಲ್ಲೂಕಿನಲ್ಲಿ ತೋರಿಸಬೇಡಿ, ಮೆಗ್ಗಾನ್‌ಗೇ ಹೋಗಿ. ಅಲ್ಲಿ ಆ ಗದ್ದಲದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲ ದಿನವೇ ಎಲ್ಲ ಹೇಳಬೇಕು ಅಂತ ಇಲ್ಲ. ‘ಮನೆಯಲ್ಲಿ ಮದುವೆಗೆ ಒತ್ತಾಯ, ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತೆ’ ಅಂದರೆ ಅಷ್ಟೂ ನಿಜವೇ ಅಲ್ವಾ? ಅದಕ್ಕೆ ಚಿಕಿತ್ಸೆ ಶುರುವಾಗಲಿ. ಮಿಕ್ಕಿದ್ದು ನಂಬಿಕೆ ಬಂದ ಮೇಲೆ.

ಮಾತಿಗೆ ಬೇರೆಯವರನ್ನು ಹುಡುಕೋಣ. ಶಿವಮೊಗ್ಗದಲ್ಲಿ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಬೆಂಗಳೂರಿನವರ ಜೊತೆ ಆನ್‌ಲೈನಿನಲ್ಲಿ ಮಾತಾಡಬಹುದು. ‘ಕ್ವಿಯರ್ ಅಫರ್ಮೇಟಿವ್’ ಅಂತ ಹುಡುಕಿ. ನಿಮ್ಮನ್ನು ಇರುವ ಹಾಗೇ ಒಪ್ಪಿಕೊಂಡು ಅಲ್ಲಿಂದ ಕೆಲಸ ಶುರು ಮಾಡುವವರು ಅಂತ ಅರ್ಥ. ಮುಂಬೈಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಇದಕ್ಕೇ ಕೌನ್ಸೆಲರ್‌ಗಳಿಗೆ ತರಬೇತಿ ಕೊಡುತ್ತದೆ. ಆ ತರಬೇತಿ ಆಗಿದೆಯಾ ಅಂತ ಕೇಳಬಹುದು. ಲೈಂಗಿಕ ಅಲ್ಪಸಂಖ್ಯಾತರ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ಸಂಗಮ ಸಂಸ್ಥೆಯನ್ನೂ ವಿಚಾರಿಸಿ. ಖಾಸಗಿಯವರ ಫೀಸು ಒಂದು ಸಲಕ್ಕೆ ಸಾವಿರ, ಎರಡು ಸಾವಿರ ಆಗುತ್ತದೆ. ಲೆಕ್ಕ ಬರೆಯುವ ಸಂಬಳಕ್ಕೆ ಅದು ಜಾಸ್ತಿ. ‘ಸ್ಲೈಡಿಂಗ್ ಸ್ಕೇಲ್ ಇದೆಯಾ?’ ಅಂತ ಕೇಳಿ. ಆದಾಯ ನೋಡಿ ಫೀಸು ಕಡಿಮೆ ಮಾಡುವ ಪದ್ಧತಿ ಅದು. ಕನ್ನಡದಲ್ಲೇ ಮಾತಾಡುವವರು ಬೇಕು ಅಂತಲೂ ಹೇಳಿ. ಅಳು ಬಂದಾಗ ಇಂಗ್ಲಿಷ್ ಕೈ ಕೊಡುತ್ತದೆ.

ಎಲ್ಲಿ ಕೂತು ಮಾತಾಡುವುದು? ಪಿಜಿಯಲ್ಲಿ ಜೊತೆಯವರು ಇರುತ್ತಾರೆ. ಊರಿಗೆ ಹೋದರೆ ಸಿಗ್ನಲ್ ಸಿಗುವುದು ಮನೆ ಮೇಲಿನ ಬೇಣದಲ್ಲಿ, ಮಳೆಗಾಲದಲ್ಲಿ ಅಲ್ಲೂ ಇಲ್ಲ. ನನ್ನ ಹತ್ತಿರ ಬರುವ ಒಬ್ಬರು ಸಂಜೆ ಪಾರ್ಕಿನ ಮೂಲೆ ಬೆಂಚಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತಾರೆ. ನೋಡಿದವರು ಯಾರೋ ಗೆಳತಿಯ ಜೊತೆ ಹರಟೆ ಅಂದುಕೊಳ್ಳುತ್ತಾರೆ. ವಿಡಿಯೋ ಬೇಡ, ಧ್ವನಿ ಸಾಕು ಅಂತ ಮೊದಲೇ ಹೇಳಿಬಿಡಿ.

ನಡುರಾತ್ರಿ ತಡೆಯಲಾಗದಷ್ಟು ಆದರೆ, ಬದುಕೇ ಬೇಡ ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಈಗಲೇ ಆ ನಂಬರ್ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಕೆಲವು ಕೌನ್ಸೆಲರ್‌ಗಳು ‘ನಿಮ್ಮನ್ನ ಒಪ್ಪುತ್ತೇವೆ, ಇವತ್ತೇ ಮನೆಯಲ್ಲಿ ಹೇಳಿಬಿಡಿ’ ಅಂತ ಅವಸರ ಮಾಡುತ್ತಾರೆ. ಅವರ ಹತ್ತಿರವೂ ಹುಷಾರು. ಹೇಳುವುದೋ ಬಿಡುವುದೋ, ಯಾರಿಗೆ ಯಾವಾಗ ಅನ್ನುವುದು ನಿಮ್ಮ ತೀರ್ಮಾನ. ನಿಮ್ಮ ಕೈಯಲ್ಲಿ ಸಂಬಳ ಎಷ್ಟಿದೆ, ನಾಳೆ ಮನೆಯವರು ಬಾ ಅನ್ನದಿದ್ದರೆ ಇರಲು ಜಾಗ ಇದೆಯಾ ಅಂತ ಕೇಳದೆ ಹಾಗೆ ಹೇಳುವವರಿಗೆ ನಮ್ಮ ಕಡೆಯ ಮನೆಗಳು ಗೊತ್ತಿಲ್ಲ. ಜಾತಕದ ಮಾತು ತೆಗೆದವರಿಗೆ ಸದ್ಯಕ್ಕೆ ‘ಈ ವರ್ಷ ಬೇಡ’ ಅಂದರೆ ಸಾಕು. ಅದು ಸುಳ್ಳೂ ಅಲ್ಲ.

ಫೋನ್ ಮಾಡಿ ಕೇಳಿದ ಮೇಲೆ ಅವರು ಏನಂದರು ಅಂತ ನನಗೆ ಬರೆಯಿರಿ. ಈ ಸಲದ ಹಾಗೇ, ಹೆಸರು ಬೇಡ.