ಚುಕ್ಕಿ ಯಾವಾಗ ಜಿಗಿಯಬೇಕು?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಬಾರ್ಡರ್ ಕೋಲಿ ಜಾತಿಯ ಹೆಣ್ಣು ನಾಯಿಮರಿ ಬಂತು. ಹೆಸರು ಚುಕ್ಕಿ, ಈಗ ನಾಲ್ಕು ತಿಂಗಳು. ವಿಡಿಯೊ ನೋಡಿ ನೋಡಿ ನನ್ನ ಮಗಳಿಗೆ ಇವಳನ್ನು ಅಜಿಲಿಟಿಗೆ (ನಾಯಿ ಅಡೆತಡೆಗಳನ್ನು ದಾಟಿ ಓಡುವ ಸ್ಪರ್ಧೆ) ತಯಾರು ಮಾಡಬೇಕೆಂಬ ಆಸೆ. ತಾರಸಿಯಲ್ಲಿ ಪಿವಿಸಿ ಪೈಪಿನ ಜಂಪ್ ಮಾಡಿಟ್ಟಿದ್ದೇವೆ, ಖುಷಿಯಿಂದ ಹಾರುತ್ತಾಳೆ. ದಿನಾ ಒಂದು ಗಂಟೆ ಚೆಂಡು ಎಸೆಯುತ್ತೇವೆ. ಆದರೂ ಸುಸ್ತಾಗುವುದಿಲ್ಲ. ಸಂಜೆಯಾದರೆ ಕೈ ಕಚ್ಚುತ್ತಾಳೆ, ಹುಚ್ಚು ಹಿಡಿದಂತೆ ಮನೆಯೆಲ್ಲ ಓಡುತ್ತಾಳೆ. ಇನ್ನೂ ಜಾಸ್ತಿ ಆಡಿಸಬೇಕಾ?
– ಮೈಸೂರಿನ ಓದುಗರು

ಉತ್ತರ: ಮೊದಲು ಆ ಪೈಪನ್ನು ನೆಲಕ್ಕಿಳಿಸಿ. ಇವತ್ತೇ. ಉಳಿದದ್ದನ್ನು ಆಮೇಲೆ ಓದಿ.

ಮರಿಯ ಕಾಲಿನ ಎಲುಬುಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದುವಾದ ಭಾಗ ಇರುತ್ತದೆ, ಎಲುಬು ಉದ್ದವಾಗುವುದು ಅಲ್ಲಿಂದಲೇ. ಈ ಗಾತ್ರದ ನಾಯಿಗಳಲ್ಲಿ ಅದು ಮುಚ್ಚಿಕೊಳ್ಳುವುದಕ್ಕೆ ಸುಮಾರು ಒಂದು ವರ್ಷ ಬೇಕು, ಕೆಲವಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಹಾರಿದ ನಾಯಿ ಮುಂಗಾಲಿನ ಮೇಲೆ ಇಳಿಯುತ್ತದೆ, ಅದೂ ನಿಮ್ಮದು ತಾರಸಿ, ಸಿಮೆಂಟಿನ ನೆಲ. ಆ ಮೃದು ಭಾಗಕ್ಕೆ ಪೆಟ್ಟಾದರೆ ಕಾಲು ಸೊಟ್ಟ ಬೆಳೆಯಬಹುದು. ಮರಿ ಖುಷಿಯಾಗಿ ಹಾರುತ್ತದೆ ಅನ್ನುವುದು ಏನನ್ನೂ ಹೇಳುವುದಿಲ್ಲ. ಈ ಜಾತಿಯ ನಾಯಿ ನೋವಿದ್ದರೂ ಆಡುತ್ತದೆ, ನಿಲ್ಲಿಸಬೇಕಾದವರು ನಾವು. ನನ್ನ ಮೊದಲ ಕೋಲಿ ಏಳು ತಿಂಗಳಿದ್ದಾಗ ಮೆಟ್ಟಿಲಿನ ಮೇಲಿಂದ ನೆಗೆಯುವುದನ್ನು ನಾನೇ ಚಪ್ಪಾಳೆ ತಟ್ಟಿ ಕಲಿಸಿದ್ದೆ. ಒಂದು ದಿನ ಕುಂಟತೊಡಗಿದ. ಆರು ವಾರ ಬೆಲ್ಟ್ ಬಿಚ್ಚದೆ ಮನೆಯೊಳಗೇ ಇಟ್ಟುಕೊಂಡಿದ್ದೆ, ಬಾಗಿಲ ಹತ್ತಿರ ಕೂತು ಅವನು ನನ್ನ ಮುಖ ನೋಡುತ್ತಿದ್ದದ್ದು ಇವತ್ತಿಗೂ ಮರೆತಿಲ್ಲ. ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ.

ಈಗ ಚೆಂಡಿನ ವಿಷಯ. ನೀವು ಸುಸ್ತು ಮಾಡುತ್ತಿಲ್ಲ, ಅವಳನ್ನು ಕೆರಳಿಸುತ್ತಿದ್ದೀರಿ. ಚೆಂಡಿನ ಹಿಂದೆ ಓಡು, ಗಕ್ಕನೆ ನಿಲ್ಲು, ತಿರುಗು, ಮತ್ತೆ ಓಡು: ಒಂದು ಗಂಟೆ ಹೀಗಾದರೆ ಕೀಲಿಗೂ ಒಳ್ಳೆಯದಲ್ಲ, ತಲೆಗೂ ಒಳ್ಳೆಯದಲ್ಲ. ನಾಲ್ಕು ತಿಂಗಳ ಮರಿಗೆ ದಿನಕ್ಕೆ 16 ರಿಂದ 18 ಗಂಟೆ ನಿದ್ದೆ ಬೇಕು. ಬಾರ್ಡರ್ ಕೋಲಿ ತಾನಾಗಿ ಮಲಗುವುದಿಲ್ಲ. ಮನೆಯಲ್ಲಿ ಯಾರಾದರೂ ಎದ್ದರೆ ಅವಳೂ ಏಳುತ್ತಾಳೆ, ಕುಕ್ಕರ್ ಕೂಗಿದರೆ ಕಿವಿ ನಿಮಿರಿಸುತ್ತಾಳೆ. ಸಂಜೆಯ ಕಚ್ಚಾಟ, ಓಡಾಟ ಎಲ್ಲ ನಿದ್ದೆಗೆಟ್ಟ ಮಗುವಿನ ರಂಪ ಇದ್ದ ಹಾಗೆ. ಇನ್ನೂ ಆಡಿಸಿದರೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆ, ಸಂಜೆ ಒಂದು ಗಂಟೆ ಮಬ್ಬುಗತ್ತಲಿನ ಮೂಲೆಯಲ್ಲಿ ಅವಳ ಜಾಗ ಮಾಡಿ ಮಲಗಿಸಿ. ಒಂದು ವಾರ ಮಾಡಿ ನೋಡಿ.

ಹಾಗಾದರೆ ಈ ಎಂಟು ಹತ್ತು ತಿಂಗಳು ಮಗಳು ಸುಮ್ನೆ ಕೂರಬೇಕಾ? ಇಲ್ಲ. ಮಾಡುವುದಕ್ಕೆ ಬೇಕಾದಷ್ಟಿದೆ, ಮುಂದೆ ಮೈದಾನದಲ್ಲಿ ಕೈಹಿಡಿಯುವುದೂ ಅದೇ.

ಮೊದಲನೆಯದು ಜಮಖಾನ. ಹಳೆಯದೊಂದನ್ನು ಮಡಿಸಿ ಹಾಸಿ. ಅವಳು ಅದರ ಮೇಲೆ ಕಾಲಿಟ್ಟರೆ ಮುಂಗಾಲುಗಳ ನಡುವೆ ಒಂದು ತುತ್ತು ಇಡಿ. ಮಲಗಿದರೆ ಇನ್ನೊಂದು. ಮಾತು ಬೇಡ, ಗದರುವುದು ಬೇಡ. ಮೊದಲು ಐದು ಸೆಕೆಂಡು, ಆಮೇಲೆ ಅರ್ಧ ನಿಮಿಷ, ಕೊನೆಗೆ ನೀವು ದೋಸೆ ಹುಯ್ದು ಮುಗಿಸುವವರೆಗೆ. ಅಜಿಲಿಟಿಯಲ್ಲಿ ತನ್ನ ಸರದಿ ಬರುವವರೆಗೆ ಬೇರೆ ನಾಯಿಗಳು ಓಡುವುದನ್ನು ನೋಡುತ್ತಾ ಕೂರಬೇಕು. ವೇಗ ಕೋಲಿಯ ರಕ್ತದಲ್ಲೇ ಇದೆ, ಅದನ್ನು ನೀವು ಕಲಿಸಬೇಕಿಲ್ಲ. ಸುಮ್ಮನಿರುವುದನ್ನು ಮಾತ್ರ ಕಲಿಸಲೇಬೇಕು.

ಎರಡನೆಯದು ಹಿಂಗಾಲು. ನಾಯಿಗೆ ತನಗೆ ಹಿಂಗಾಲಿದೆ ಅನ್ನುವುದೇ ಅಷ್ಟಾಗಿ ಗೊತ್ತಿರುವುದಿಲ್ಲ, ಮುಂಗಾಲು ಹೋದ ಕಡೆ ಹಿಂದಿನದು ಬರುತ್ತದೆ ಅಷ್ಟೇ. ಗಟ್ಟಿಯಾದ ಅಗಲ ಬೋಗುಣಿಯೊಂದನ್ನು ಕವುಚಿ ಹಾಕಿ, ಜಾರದ ಹಾಗೆ ಮೇಲೊಂದು ಬಟ್ಟೆ ಕಟ್ಟಿ. ಮುಂಗಾಲು ಅದರ ಮೇಲೆ ಇಟ್ಟು ಹಿಂಗಾಲಿನಿಂದ ಸುತ್ತ ತಿರುಗುವುದನ್ನು ಕಲಿಸಿ. ನೆಲದ ಮೇಲೆ ಮಲಗಿಸಿದ ಏಣಿಯ ನಡುವೆ ನಿಧಾನಕ್ಕೆ ನಡೆಸಿ. ಆ ಪಿವಿಸಿ ಪೈಪುಗಳನ್ನೂ ನೆಲದಲ್ಲೇ ಇಟ್ಟು ದಾಟಿಸಿ. ನಾಳೆ ಎತ್ತರದ ಡಾಗ್ ವಾಕ್ ಹಲಗೆಯ ಮೇಲೆ ಓಡುವಾಗ ಇದು ಬೇಕಾಗುತ್ತದೆ. ಅದು ನೆಲದಿಂದ ಸುಮಾರು 1.2 ಮೀಟರ್ ಮೇಲಿರುತ್ತದೆ, ಅಗಲ ಸುಮಾರು 30 ಸೆಂಟಿಮೀಟರ್.

ಅಜಿಲಿಟಿಯ ಸೀಸಾಗೆ, ಅಂದರೆ ನಡೆದಂತೆ ಮೇಲೆ ಕೆಳಗೆ ವಾಲುವ ಹಲಗೆಗೆ, ಹೆದರುವ ನಾಯಿಗಳು ಜಾಸ್ತಿ, ಹೆದರುವುದು ಹಲಗೆ ಅಲುಗುವುದಕ್ಕೆ ಮತ್ತು ಧಡ್ ಅನ್ನುವ ಸದ್ದಿಗೆ. ಈಗಿನಿಂದಲೇ ಅಗಲದ ಹಲಗೆಯ ಕೆಳಗೆ ಸುತ್ತಿದ ಬೆಡ್‌ಶೀಟ್ ಇಟ್ಟು, ಅದು ಸ್ವಲ್ಪ ಅಲುಗಾಡುವಾಗ ಮೇಲೆ ನಿಂತರೆ ತಿಂಡಿ ಕೊಡಿ. ಪಟಾಕಿಗೆ ಬೆಚ್ಚುವ ನಾಯಿಗಳಲ್ಲಿ ಬಾರ್ಡರ್ ಕೋಲಿಗಳು ಮುಂದೆ, ಹಾಗಾಗಿ ದೀಪಾವಳಿಗೆ ಮೊದಲೇ ಸಣ್ಣ ಸದ್ದುಗಳ ಜೊತೆ ಒಳ್ಳೆಯ ಊಟ ಸೇರಿಸಿ ರೂಢಿ ಮಾಡಿಸಿದರೆ ಎರಡಕ್ಕೂ ಆಯಿತು.

ಹಗ್ಗ ಎಳೆದಾಟ ಆಡಿ, ಆದರೆ ಹಗ್ಗ ನೆಲದ ಹತ್ತಿರವೇ ಇರಲಿ, ಹಲ್ಲು ಬದಲಾಗುವ ಕಾಲ ಇದು, ಎತ್ತಿ ತೂಗಬೇಡಿ. ಮಗಳ ಎಡಕ್ಕೂ ಬಲಕ್ಕೂ ಜೊತೆಯಲ್ಲಿ ನಡೆಯುವುದು, ಕರೆದ ಕೂಡಲೇ ಬರುವುದು, ಇವೂ ಬೇಕು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ಅಷ್ಟೇ. ತಿಂಡಿಯನ್ನು ದಿನದ ಊಟದಿಂದಲೇ ತೆಗೆದಿಡಿ. ಮನೆಯಲ್ಲಿ ನುಣ್ಣನೆಯ ಟೈಲ್ಸ್ ಇದ್ದರೆ ಓಡಾಡುವ ಕಡೆ ಚಾಪೆ ಹಾಸಿ, ಜಾರಿ ಜಾರಿ ಮರಿಯ ಸೊಂಟಕ್ಕೆ ಪೆಟ್ಟಾಗಬಹುದು. ತಾರಸಿಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಈ ಜಾತಿಯಲ್ಲಿ ಕೆಲವು ನಾಯಿಗಳು ಜೋರಾಗಿ ಓಡಿದ ಮೇಲೆ ತೂರಾಡಿ ಬೀಳುವುದುಂಟು, ಸೆಖೆಯಿದ್ದರೆ ಇನ್ನೂ ಬೇಗ. ಹಾಗೇನಾದರೂ ಕಂಡರೆ ನಿಲ್ಲಿಸಿ, ತಂಪು ಮಾಡಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಕೋಲಿ ಮರಿಗೆ ಉಣ್ಣಿ ವಿಪರೀತ. ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಮನೆಯಲ್ಲಿದೆ, ಸ್ವಲ್ಪ ಕೊಡಬಹುದಾ?
– ಧಾರವಾಡ ಹತ್ತಿರದ ಹಳ್ಳಿಯಿಂದ

ಉತ್ತರ: ಕೊಡಬೇಡಿ. ಕೋಲಿ ವಂಶದ ಕೆಲವು ನಾಯಿಗಳಲ್ಲಿ ಒಂದು ಜೀನ್ ದೋಷ ಇರುತ್ತದೆ, ಅಂಥವುಗಳಿಗೆ ಈ ಔಷಧಿ ಮಿದುಳಿಗೇ ಹೋಗಿ ಕೂರುತ್ತದೆ, ಪ್ರಾಣವೂ ಹೋಗಬಹುದು. ಬಾರ್ಡರ್ ಕೋಲಿಯಲ್ಲಿ ಅದು ಅಪರೂಪ, ನಿಜ. ಆದರೆ ದನದ ಇಂಜೆಕ್ಷನ್ ಎಷ್ಟು ಸ್ಟ್ರಾಂಗ್ ಅಂದರೆ, ಮರಿಗೆ ಅಂದಾಜಿನ ಮೇಲೆ ಚುಚ್ಚಿದರೆ ಯಾವ ಜಾತಿಗಾದರೂ ಅಪಾಯವೇ. ಮರಿಯ ತೂಕ ನೋಡಿ ಪಶುವೈದ್ಯರಿಂದ ನಾಯಿಯದ್ದೇ ಉಣ್ಣಿ ಔಷಧಿ ಬರೆಸಿಕೊಳ್ಳಿ. ಒಸಡು ಬಿಳಿಚಿಕೊಂಡರೆ, ಜ್ವರ ಬಂದು ಊಟ ಬಿಟ್ಟರೆ ಉಣ್ಣಿ ಜ್ವರ ಇರಬಹುದು, ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ಆರು ತಿಂಗಳ ಗಂಡು ಮರಿ. ಸ್ಕೂಟರ್ ಕಂಡರೆ ನೆಲಕ್ಕೆ ಅವುಚಿ ದಿಟ್ಟಿಸುತ್ತಾನೆ, ಹತ್ತಿರ ಬಂದ ಕೂಡಲೇ ನುಗ್ಗುತ್ತಾನೆ. ಮಕ್ಕಳು ಓಡಿದರೆ ಹಿಮ್ಮಡಿ ಕಚ್ಚುತ್ತಾನೆ. ಹೊಡೆದರೂ ಬಿಟ್ಟಿಲ್ಲ.
– ಹಾಸನ

ಉತ್ತರ: ಹೊಡೆಯುವುದನ್ನು ನಿಲ್ಲಿಸಿ, ಅವನು ಪುಂಡಾಟ ಮಾಡುತ್ತಿಲ್ಲ. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಕುರಿಗಾಹಿಗಳು ಇವುಗಳನ್ನು ಬೆಳೆಸಿದ್ದೇ ಆ ದಿಟ್ಟಿಗಾಗಿ. 1893ರಲ್ಲಿ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನುವ ನಾಯಿಯನ್ನು ಈ ಜಾತಿಯ ಮೂಲಪುರುಷ ಅನ್ನುತ್ತಾರೆ. ಬೊಗಳದೆ, ಕಚ್ಚದೆ ಕಣ್ಣಲ್ಲೇ ಕುರಿಗಳನ್ನು ನಡೆಸುತ್ತಿದ್ದ. ನಿಮ್ಮ ಮರಿಗೆ ಸ್ಕೂಟರೇ ಕುರಿ.

ಅವುಚಿದ ಮೇಲೆ ಕರೆದರೆ ಕೇಳುವುದಿಲ್ಲ, ಅದಕ್ಕೂ ಮುಂಚೆ ಹಿಡಿಯಬೇಕು. ರಸ್ತೆಯಿಂದ ಎಷ್ಟು ದೂರ ನಿಂತರೆ ಅವನು ಸ್ಕೂಟರ್ ನೋಡಿಯೂ ನಿಮ್ಮ ಕೈಯ ಕೋಳಿ ಚೂರು ತಿನ್ನುತ್ತಾನೋ ಅಷ್ಟು ದೂರ ನಿಲ್ಲಿ, ಅದು ಐವತ್ತು ಮೀಟರ್ ಆದರೂ ಸರಿ. ಸ್ಕೂಟರ್ ಕಂಡ, ನಿಮ್ಮ ಕಡೆ ತಿರುಗಿದ, ಚೂರು ಸಿಕ್ಕಿತು. ಇಷ್ಟೇ ಪಾಠ. ದಿನಕ್ಕೆ ಹತ್ತು ನಿಮಿಷ ಮಾಡಿ, ವಾರಕ್ಕೆ ಕೆಲವು ಹೆಜ್ಜೆ ಹತ್ತಿರ ಬನ್ನಿ. ಗೇಟಿನ ಸಂದಿಯಿಂದ ಇಡೀ ದಿನ ರಸ್ತೆ ನೋಡುವುದನ್ನು ಇವತ್ತೇ ತಪ್ಪಿಸಿ, ಒಂದು ತಗಡು ಕಟ್ಟಿ ಮುಚ್ಚಿ. ಮಕ್ಕಳು ಆಡುವಾಗ ಅವನಿಗೆ ಬೆಲ್ಟ್ ಇರಲಿ, ಅಥವಾ ಒಳಗೆ ಜಗಿಯಲು ಏನಾದರೂ ಕೊಟ್ಟು ಕೂರಿಸಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ನಮ್ಮ ಕೋಲಿಗೆ ಹತ್ತು ತಿಂಗಳು, ಅಜಿಲಿಟಿ ಕ್ಲಾಸಿಗೆ ಹೋಗುತ್ತಾನೆ. ಅವನ ವಯಸ್ಸಿನ ಬೇರೆ ನಾಯಿ ಆಗಲೇ ಹನ್ನೆರಡು ವೀವ್ ಕಂಬಗಳ ನಡುವೆ ನುಸುಳುತ್ತದೆ. ನಾವು ಹಿಂದೆ ಬಿದ್ದೆವಾ?
– ರೆಡಿಂಗ್‌ನಲ್ಲಿರುವ ಕನ್ನಡಿಗರು

ಉತ್ತರ: ಇಲ್ಲ. ನಿಮ್ಮಲ್ಲಿ 18 ತಿಂಗಳಾಗುವವರೆಗೆ ಸ್ಪರ್ಧೆಗೇ ಸೇರಿಸುವುದಿಲ್ಲ ಅಲ್ವಾ? ಇನ್ನೂ ಎಂಟು ತಿಂಗಳಿದೆ, ಯಾವುದಕ್ಕೆ ಅವಸರ? 60 ಸೆಂಟಿಮೀಟರಿಗೊಂದು ಕಂಬ, ಪ್ರತಿ ಕಂಬಕ್ಕೂ ಬೆನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಣಿಯಬೇಕು. ಬೆಳೆಯುವ ಬೆನ್ನಿಗೆ ಇದನ್ನು ನೂರು ಸಲ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಅವನಿಗೆ ಹದಿನಾಲ್ಕು ತಿಂಗಳು ತುಂಬಿದ ನಂತರ, ಡಾಕ್ಟರು ಸೊಂಟ, ಮೊಣಕೈ ನೋಡಿ ಸರಿ ಎಂದ ಮೇಲೆ, ಎರಡು ಕಂಬದಿಂದ ಶುರು ಮಾಡಿ.

1978ರಲ್ಲಿ ಕ್ರಫ್ಟ್ಸ್ ಎಂಬ ಶ್ವಾನ ಪ್ರದರ್ಶನದ ಬಿಡುವಿನಲ್ಲಿ ಜನರನ್ನು ರಂಜಿಸಲು ಕುದುರೆ ಜಿಗಿತ ನೋಡಿ ಹುಟ್ಟಿದ ಆಟ ಇದು. ಈಗ ವೇಗ ಬಹಳ ಏರಿದೆ, ಅದರ ಜೊತೆ ಪೆಟ್ಟೂ ಏರಿದೆ. ನಿಮ್ಮ ಟೀಚರಿಗೆ ನೇರವಾಗಿ ಹೇಳಿ: ಸದ್ಯಕ್ಕೆ ನೇರ ಟನೆಲ್, ನೆಲದ ಪೈಪು, ತಿರುವಿನಲ್ಲಿ ನನ್ನ ಜೊತೆ ಓಡುವುದು, ಕೂತು ಕಾಯುವುದು ಇಷ್ಟೇ ಸಾಕು ಎಂದು. ಒಪ್ಪದಿದ್ದರೆ ಬೇರೆ ಕ್ಲಾಸ್ ಹುಡುಕಿ, ನಿಮ್ಮ ಕಡೆ ಅದಕ್ಕೆ ಬರವಿಲ್ಲ. ಕ್ಲಾಸಿಗೆ ಹೋದಾಗಲೂ ಮೊದಲು ಐದು ನಿಮಿಷ ಬೆಲ್ಟಿನಲ್ಲಿ ನಡೆಸಿ ಮೈ ಬೆಚ್ಚಗಾಗಿಸಿ, ಅಲ್ಲಿನ ಚಳಿಗೆ ಕಾರಿನಿಂದ ಇಳಿದ ಕೂಡಲೇ ಓಡಿಸಬೇಡಿ.